ಸೊಲ್ಲಿಗೆ ಸೊಲ್ಲು

ನವೆಂಬರ್ ೯, ಶನಿವಾರ

ಬೈಯೋಕೆ ಎದುರಿಗೆ ಯಾರೂ ಸಿಗದೇ ಇದ್ದಾಗ ನಾನು ಬರೀತೀನಿ. ಓದಿದ್ದು ಆರನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ತಪ್ಪಲಿ, ಓದೋಳು ನಾನೊಬ್ಬಳೇ.

ಇವತ್ತು ನನ್ನನ್ನ ಪೊಲೀಸ್ ಮಾಡಿ ಶಿವಮೊಗ್ಗಕ್ಕೆ ಕಳಿಸಿದರು. ಮೊಮ್ಮಗಳು ಸೌಂದರ್ಯ ಅಲ್ಲೇ ನವುಲೆ ಕಾಲೇಜಲ್ಲಿ ಓದ್ತಾಳೆ, ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಹೋಗಿ ಬರ್ತಾಳೆ. ಶನಿವಾರ ಸಂಜೆ ಶಿವಮೊಗ್ಗದಲ್ಲಿ ಯಾವುದೋ ಮ್ಯೂಸಿಕ್ ಶೋ ಇದೆ ಅಂದಳು. ನನ್ನ ಮಗಳು ತನುಜಾ, "ಒಬ್ಬಳೇ ಬೇಡ, ಅಜ್ಜಿ ಕರ್ಕೊಂಡು ಹೋಗು" ಅಂದಳು. ನಾನು ಬರಲ್ಲ ಅಂದೆ.

"ಬಾ ಮಾರಾಯ್ತಿ. ಇಲ್ಲಿ ಕೂತು ನಮ್ಮ ತಲೆ ತಿನ್ನೋ ಬದಲು ಅಲ್ಲಿ ಕೂತು ಅವರ ತಲೆ ತಿನ್ನು" ಅಂದಳು ಸೌಂದರ್ಯ. ನಾಲಿಗೆ ನೋಡು ಅದರದ್ದು. ನನ್ನ ಹತ್ತಿರಾನೇ ಕಲಿತಿದ್ದು, ಏನು ಅನ್ನೋಣ.

ವಿನೋಬನಗರದಲ್ಲಿ ಒಂದು ಕಾಫಿ ಅಂಗಡಿ, ಅದರ ಮಹಡಿ. ಕಾಫಿಗೆ ಹಾಲೇ ಹಾಕಿರಲಿಲ್ಲ. ಕೇಳಿದರೆ ಅದು ಹಾಗೇ ಅಂತೆ. ಹುಡುಗ ಹುಡುಗೀರೆಲ್ಲ ಚಾಪೆ ಮೇಲೆ, ನನಗೊಂದು ಪ್ಲಾಸ್ಟಿಕ್ ಕುರ್ಚಿ. ತಂಡದ ಹೆಸರು ‘ಮೂರನೇ ಪಾಳಿ’ ಅಂತೆ. ನಮ್ಮ ಯಜಮಾನರು ಕಾರ್ಖಾನೆ ಕುಲುಮೆ ಮುಂದೆ ಅರ್ಧ ಆಯಸ್ಸು ಮೂರನೇ ಪಾಳಿ ಮಾಡಿದರು, ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗಿಟಾರಿನವನು ಅತುಲ್. ಹಾಡೋಳು ಶರಣ್ಯಾ, ಕೂದಲು ಕಿವಿಮಟ್ಟಕ್ಕೆ ಕತ್ತರಿಸಿಕೊಂಡಿದಾಳೆ. ಹಾಡೆಲ್ಲ ಅವರೇ ಕಟ್ಟಿದ್ದು, ಸಿನಿಮಾದ್ದಲ್ಲ. ದನಿ ಮಾತ್ರ ಸೂಜಿಗೆ ಪೋಣಿಸೋ ದಾರದಷ್ಟೇ. ನಾನು ಆಕಳಿಸ್ತಾ ಇದ್ದೆ. ಆಮೇಲೆ ಒಂದು ಹಾಡು ಎತ್ತಿದಳು.

"ಕದ ತೆಗೆದಿಟ್ಟಿದೀನಿ, ಬರ್ತೀಯಾ..."

ಅಷ್ಟು ಹಾಡಿ ನಿಲ್ಲಿಸಿಬಿಟ್ಟಳು. ಗಿಟಾರೂ ನಿಂತಿತು. ಎಲ್ಲರೂ ಕಣ್ಣು ಮುಚ್ಚಿ ಕೂತಿದಾರೆ, ಒಬ್ಬರಿಗೂ ಬಾಯಿಲ್ಲ.

ಹೊಳೆಹೊನ್ನೂರಲ್ಲಿ ನಮ್ಮಪ್ಪ ಭಜನೆ ತಂಡ ನಡೆಸ್ತಿದ್ದ. ಮುಂದಿನವನು ಒಂದು ಸೊಲ್ಲು ಹಾಡಿ ನಿಲ್ಲಿಸಿದರೆ ಹಿಂದೆ ಕೂತವರು ಅದನ್ನ ಎತ್ತಿಕೊಂಡು ವಾಪಸ್ ಕೊಡಬೇಕು. ಸೊಲ್ಲು ನೆಲಕ್ಕೆ ಬೀಳಬಾರದು. ಹೆಣ್ಣುಮಕ್ಕಳಿಗೆ ತಂಡದಲ್ಲಿ ಜಾಗ ಇಲ್ಲ, ನಾನು ಬಾಗಿಲ ಹಿಂದೆ ಕೂತು ಎತ್ತಿಕೊಳ್ತಿದ್ದೆ. ಆ ಅಭ್ಯಾಸ. ಬಾಯಿ ತಾನಾಗೇ ತೆರೆಯಿತು. ಆ ಸೊಲ್ಲನ್ನ ಪೂರ್ತಿ ಗಂಟಲಲ್ಲಿ ವಾಪಸ್ ಕೊಟ್ಟೆ.

ಎಲ್ಲರೂ ತಿರುಗಿದರು. ಸೌಂದರ್ಯ ಮುಖ ಮುಚ್ಚಿಕೊಂಡಳು. ಆ ಶರಣ್ಯಾ ಮಾತ್ರ ನನ್ನ ಕಡೆ ನೋಡಿ ನಕ್ಕು, ಅದೇ ಸೊಲ್ಲು ಮತ್ತೆ ಹಾಡಿ ನಿಲ್ಲಿಸಿದಳು. ನಾನು ಮತ್ತೆ ಕೊಟ್ಟೆ. ಅವಳು ಹಾಡೋದು, ನಾನು ಕೊಡೋದು. ಮೈಯೆಲ್ಲ ಜುಮ್ ಅಂತು. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅರ್ಧ ನನಗೆ.

ಮನೆಗೆ ಬಂದರೆ ನಮ್ಮ ಯಜಮಾನರು ಉಪವಾಸ ಕೂತಿದಾರೆ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದ ಮೇಲೆ ಇವರಿಗೆ ದನಿಯೇ ಗುರುತು. ಬುದ್ಧಿಯೂ ಒಂದು ಗಳಿಗೆ ಇದ್ದರೆ ಇನ್ನೊಂದು ಗಳಿಗೆ ಇಲ್ಲ. ಮಗಳು ತುತ್ತು ಇಟ್ಟರೂ "ಯಾರು?" ಅಂತ ತುಟಿ ಬಿಗಿ ಹಿಡೀತಾರೆ. ನಾನು ಬೈದರೇ ಬಾಯಿ ತೆರೆಯೋದು.

"ನುಂಗ್ರೀ. ಕಬ್ಬಿಣ ಕರಗಿಸಿದೋರಿಗೆ ಅನ್ನ ಗಟ್ಟಿಯಾಯ್ತಾ?" ಅಂದೆ. ನಕ್ಕು ಪೂರ್ತಿ ಉಂಡರು.

ನವೆಂಬರ್ ೧೦

ಗಂಟಲು ಕಟ್ಟಿದೆ. ರಸ್ತೆ ಅಗೆದು ಹಾಕಿದಾರಲ್ಲ, ಅದರ ಧೂಳು.

ನವೆಂಬರ್ ೨೩, ಶನಿವಾರ

ಈ ಸಲ ಶೋ ನಮ್ಮ ಭದ್ರಾವತಿಯಲ್ಲೇ. ಸೌಂದರ್ಯ ಕರೆಯೋ ಮೊದಲೇ ನಾನು ಸೀರೆ ಉಟ್ಟು ಕೂತಿದ್ದೆ. "ಏನಜ್ಜಿ, ಫ್ಯಾನ್ ಆಗ್ಬಿಟ್ಯಾ?" ಅಂತ ಕಿಚಾಯಿಸಿದಳು. ಮುಚ್ಚು ಬಾಯಿ ಅಂದೆ.

ಯಾರೂ ಬಾಡಿಗೆಗೆ ತಗೊಳ್ಳದ ಒಂದು ಹಳೇ ಕಲ್ಯಾಣ ಮಂಟಪ, ಅದರ ಊಟದ ಹಾಲ್. ಗೋಡೆಗೆ ಸಾಲಾಗಿ ಕೈ ತೊಳೆಯೋ ನಲ್ಲಿ. ಯಾವುದರಲ್ಲೂ ನೀರಿಲ್ಲ, ಆದರೂ ಎಲ್ಲೋ ತೊಟ್ಟಿಕ್ಕೋ ಸದ್ದು. ಜನ ಬರೋದು ತಡವಾಯಿತು. ಅತುಲ್ ಗಿಟಾರಿನ ತಂತಿ ತಿರುಗಿಸ್ತಾ ಕೂತಿದ್ದ. ಶರಣ್ಯಾ ಸೊಂಟಕ್ಕೆ ಕೈ ಕೊಟ್ಟು ನಿಂತು, "ಏನು ಅದರ ಕಿವಿ ಹಿಂಡ್ತಾ ಕೂತಿದೀಯ, ಸ್ಕೂಲ್ ಮೇಷ್ಟ್ರ ಹಾಗೆ? ಬಾರಿಸು" ಅಂದಳು. ಎಲ್ಲರೂ ನಕ್ಕರು. ನನಗೆ ಹಿಡಿಸಿತು. ಅಂತೂ ಒಬ್ಬಳಿಗಾದರೂ ಬೈಯೋಕೆ ಬರುತ್ತೆ. ಸೌಂದರ್ಯ ನನ್ನ ಕಡೆ ನೋಡಿ, "ಅಜ್ಜಿ, ಅದು ನಿನ್ನ ಮಾತಲ್ವಾ? ನೀನು ಕೇಬಲ್ಲಿನವನಿಗೆ ಬೈದಿದ್ದು?" ಅಂದಳು. ಬೈಗುಳ ಏನು ನಾನೊಬ್ಬಳೇ ಗುತ್ತಿಗೆ ತಗೊಂಡಿದೀನಾ?

ದನಿಯೂ ಸುಧಾರಿಸಿದೆ. ದಾರ ಹೋಗಿ ಹಗ್ಗ ಆಗಿದೆ. ಕದದ ಹಾಡು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿ ಕಾದರು. ಕೊಟ್ಟೆ. ಒಂದು ವಿಚಿತ್ರ ಅಂದರೆ ಆ ಹಾಲಲ್ಲಿ ನನ್ನ ದನಿ ಪ್ರತಿಧ್ವನಿ ಕೊಡ್ತಿತ್ತು, ಅದು ನಾನು ಬಾಯಿ ತೆರೆಯೋಕೆ ಒಂಚೂರು ಮೊದಲೇ ಬಂದಂತಾಯಿತು. ಹಳೇ ಕಟ್ಟಡ, ಏನೇನೋ ಆಗುತ್ತೆ.

ಮುಗಿದ ಮೇಲೆ, "ಮಂಗಳ ಹಾಡಲ್ವೇನೋ?" ಅಂತ ಅತುಲನ್ನ ಕೇಳಿದೆ. ಭಜನೆಯಲ್ಲಿ ಮಂಗಳ ಹಾಡದೆ ಯಾರೂ ಎದ್ದು ಹೋಗಲ್ಲ. ಕೊಟ್ಟಿದ್ದು ತಗೊಂಡಿದ್ದು ಅಲ್ಲಿಗೆ ಚುಕ್ತಾ ಆಗಬೇಕು ಅಂತ ಅಪ್ಪ ಹೇಳ್ತಿದ್ದ.

"ನಮ್ದ್ರಲ್ಲಿ ಹಾಗೆಲ್ಲ ಇಲ್ಲ ಅಜ್ಜಿ. ಸುಮ್ನೆ ಥ್ಯಾಂಕ್ಯೂ ಅಂದ್ರೆ ಆಯ್ತು."

ಥ್ಯಾಂಕ್ಯೂ ಅಂತೆ.

ನವೆಂಬರ್ ೨೬

ಹಾಲಿನವನು ನೀರು ಬೆರೆಸಿ ತಂದಿದ್ದ, ಚೆನ್ನಾಗಿ ಜಾಡಿಸಿದೆ. "ಏನಂದ್ರಿ ಜಗದಾಂಬಮ್ಮ?" ಅಂತ ಕಿವಿ ಕೊಟ್ಟು ನಿಂತ. ಪಕ್ಕದ ಮನೆ ಜಲಜಮ್ಮನೂ ಹಾಗೇ, ಎರಡೆರಡು ಸಲ ಹೇಳಬೇಕು. ಈ ಬೀದಿಗೇ ಕಿವಿ ಮಂದ ಆಗ್ತಿದೆ.

ನವೆಂಬರ್ ೩೦

ತನುಜಾ ಹಟ ಮಾಡಿ ಡಾಕ್ಟರ ಹತ್ತಿರ ಕರಕೊಂಡು ಹೋದಳು. ಬಾಯೊಳಗೆ ಲೈಟ್ ಬಿಟ್ಟು ನೋಡಿ ಏನೂ ಇಲ್ಲ ಅಂದರು. "ಗಂಟಲಿಗೆ ರೆಸ್ಟ್ ಕೊಡಿ, ಮಾತಾಡಬೇಡಿ" ಅಂದರು. ನಾನು ಮಾತಾಡದಿದ್ದರೆ ಇವರು ಉಣ್ಣೋದು ಹೇಗೆ, ಅದಕ್ಕೇನು ಮಾತ್ರೆ ಇದೆ ನಿಮ್ಮಲ್ಲಿ ಅಂತ ಕೇಳಿದೆ. ಅವರೂ "ಏನಂದ್ರಿ?" ಅಂದರು.

ದಾರಿಯಲ್ಲಿ ತನುಜಾ, "ಅಮ್ಮ, ಆ ಶೋಗಳಿಗೆ ಇನ್ನು ಬೇಡ. ನಿನ್ನ ದನಿ ಹೋದ್ರೆ ಅಪ್ಪನ ಗತಿ ಏನು?" ಅಂದಳು. ಇಷ್ಟು ವರ್ಷ ಕಿರುಚಿ ಹೋಗದ ದನಿ ನಾಲ್ಕು ಸೊಲ್ಲು ಹಾಡಿದರೆ ಹೋಗುತ್ತಾ?

ಇವರು ರಾತ್ರಿ ಉಂಡರು. ಆದರೆ ನಾನು ಬೈದದ್ದು ಕೇಳಿ ಒಂದು ಗಳಿಗೆ ತಲೆ ವಾಲಿಸಿ ಯೋಚನೆ ಮಾಡಿದರು.

ಡಿಸೆಂಬರ್ ೭, ಶನಿವಾರ

ನಾನು ಹೋದೆ. ಬೇಡ ಅಂದರೆ ಹೋಗೋದು ನನ್ನ ಹುಟ್ಟುಗುಣ.

ನವುಲೆಯಲ್ಲಿ ಯಾರದೋ ಮನೆ ಹಿಂದಿನ ತಗಡಿನ ಶೆಡ್ಡು. ನನಗೆ ಅಂತ ಮುಂದಿನ ಕುರ್ಚಿ ಬಿಟ್ಟಿದ್ದರು. ತಂಡದ ಹೆಸರು ಬರೆದ ಕರೀ ಟೀ ಶರ್ಟ್ ಕೊಟ್ಟರು, ಸೀರೆ ಮೇಲೇ ಹಾಕ್ಕೊಂಡೆ. ಹುಡುಗರು ಫೋಟೊ ತೆಗೆದರು. ಶರಣ್ಯಾ ಹಾಡೋಕೆ ಮೊದಲು ಒಂದು ಸಲ ಕೆಮ್ಮಿದಳು, ಕೊನೆಯಲ್ಲಿ ಒಂದು ಚಿಕ್ಕ "ಹ್ಞಾಂ" ಸೇರಿಸಿ. ನಮ್ಮವ್ವ ಹಾಗೆ ಕೆಮ್ಮುತಿದ್ದಳು. ನಾನೂ ಹಾಗೇ ಕೆಮ್ಮೋದು.

ಕದದ ಹಾಡನ್ನ ಕೊನೆಗೆ ಇಟ್ಟಿದ್ದರು. ಅವಳು ಸೊಲ್ಲು ಹಾಡಿದಳು. ನಿಲ್ಲಿಸಿದಳು. ಮೈಕಿನಿಂದ ದೂರ ಸರಿದು, ಬಾಯಿ ಮುಚ್ಚಿ ನನ್ನನ್ನೇ ನೋಡಿದಳು. ನಾನು ಉಸಿರು ತಗೊಂಡು ಬಾಯಿ ತೆರೆದೆ.

ಗಂಟಲಲ್ಲಿ ಏನೂ ಇರಲಿಲ್ಲ. ಬಾವಿಗೆ ಕೊಡ ಬಿಟ್ಟು ಎಳೆದರೆ ಬರೀ ಹಗ್ಗ ಬಂದ ಹಾಗೆ.

ಆದರೆ ಸೊಲ್ಲು ಕೇಳಿಸಿತು. ಎಲ್ಲರಿಗೂ ಕೇಳಿಸಿತು, ಚಪ್ಪಾಳೆ ಬಿತ್ತು. ನನ್ನದೇ ದನಿ, ಗಟ್ಟಿಯಾಗಿ, ಸ್ವಲ್ಪ ಒಡಕು ಸೇರಿ, "ಬರ್ತೀಯಾ" ಅನ್ನೋ ಕಡೆ ಮೇಲೆ ಹೋಗಿ. ಅದು ಅವಳು ನಿಂತ ಕಡೆಯಿಂದ ಬಂತು. ಅವಳ ಬಾಯಿ ಮುಚ್ಚಿತ್ತು. ನಾನು ನೋಡಿದೀನಿ, ಮುಚ್ಚಿತ್ತು. ಅವಳ ಮುಖ ಬಿಳುಚಿಕೊಂಡಿತ್ತು.

ಬಸ್ಸಲ್ಲಿ ಸೌಂದರ್ಯ, "ಯಾಕಜ್ಜಿ, ಏನೂ ಮಾತೇ ಆಡ್ತಿಲ್ಲ?" ಅಂದಳು. ನಾನು ಆಡ್ತಾನೇ ಇದ್ದೆ.

ಡಿಸೆಂಬರ್ ೮

ಬೆಳಿಗ್ಗೆ ಇವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ತಟ್ಟೆ ತಂದೆ. ನನ್ನಿಂದ ಬರ್ತಿದ್ದುದು ಬರೀ ಗಾಳಿ.

"ಯಾರು?" ಅಂದರು.

ನಾನು ರೀ ನಾನು ಅಂತ ಪಿಸುಗುಟ್ಟಿದೆ.

"ಯಾರಮ್ಮ ನೀನು? ನಮ್ಮ ಜಗದಾನ ಕರೀರಿ." ತುಟಿ ಬಿಗಿ ಹಿಡಿದರು. ಮಧ್ಯಾಹ್ನವೂ ಅಷ್ಟೇ. ತನುಜಾ ನನ್ನ ಹಾಗೆ ಬೈದು ನೋಡಿದಳು, ಅದು ಮಕ್ಕಳಾಟದಂತಿತ್ತು.

ಸಂಜೆ ಸೌಂದರ್ಯ ಪಡಸಾಲೆಯಲ್ಲಿ ಕೂತು ಫೋನಲ್ಲಿ ನವುಲೆ ಶೋ ಹಾಕಿದಳು. ಇವರು ಮಂಚದ ಮೇಲೆ ತಟ್ಟನೆ ತಿರುಗಿದರು.

"ಬಂದ್ಯಾ ಜಗದಾ? ಎಲ್ಲಿ ಹಾಳಾಗಿ ಹೋಗಿದ್ದೆ?"

ಬಾಯಿ ತೆರೆದರು. ನಾನು ಇವರ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆ. ತುತ್ತು ಇಟ್ಟೆ. ನುಂಗಿದರು. ಹಾಡು ಮುಗಿಯಿತು, ಬಾಯಿ ಮುಚ್ಚಿಕೊಂಡಿತು.

ಡಿಸೆಂಬರ್ ೧೧

ಫೋನ್ ಹಾಕಿಕೊಂಡೇ ಊಟ. ಇವತ್ತು ಅದೂ ನಡೆಯಲಿಲ್ಲ. "ಬರೀ ಹಾಡ್ತಿದಾಳೆ, ಬೈತಾನೇ ಇಲ್ಲ. ನನ್ನ ಮೇಲೆ ಕೋಪಾನಾ?" ಅಂತ ತನುಜಾನ ಕೇಳಿದರು. ಆಮೇಲೆ ಗೋಡೆಗೆ ತಿರುಗಿ ಮಲಗಿದರು. ನೀರೂ ಕುಡೀಲಿಲ್ಲ. ಕೆನ್ನೆ ಗುಳಿ ಬಿದ್ದಿದೆ. ಡಾಕ್ಟರು ಮೂಗಿಗೆ ನಳಿಗೆ ಹಾಕಬೇಕಾಗುತ್ತೆ ಅಂದರು. ಈ ವಯಸ್ಸಿಗೆ ಅದು ಹಾಕಿದರೆ ತೆಗೆಯೋದು ಕಷ್ಟ ಅಂತಲೂ ಅಂದರು.

ತನುಜಾ ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ ೧೩, ಶುಕ್ರವಾರ

ಸೌಂದರ್ಯಳನ್ನ ಎಳಕೊಂಡು ಶರಣ್ಯಾಳ ರೂಮಿಗೆ ಹೋದೆ, ಶಿವಮೊಗ್ಗದ ದುರ್ಗಿಗುಡಿ ಹಿಂದೆ. ಎರಡು ಕೆನ್ನೆಗೆ ಬಾರಿಸಿ ನನ್ನದನ್ನ ವಾಪಸ್ ಇಸಕೊಂಡು ಬರೋದು ಅಂತ ಹೊರಟಿದ್ದೆ. ಬಾಗಿಲು ತೆಗೆದವಳನ್ನ ನೋಡಿ ಕೈ ಏಳಲಿಲ್ಲ. ಕಣ್ಣು ಊದಿತ್ತು.

"ಬಾ, ಒಳಗೆ ಬಾ. ಚಪ್ಪಲಿ ಅಲ್ಲೇ ಬಿಡು" ಅಂದಳು, ನನ್ನ ದನಿಯಲ್ಲಿ. ಸೌಂದರ್ಯ ನನ್ನ ತೋಳು ಹಿಡಕೊಂಡಳು. ಅವಳ ಉಗುರು ಚುಚ್ಚಿತು.

"ಕ್ಷಮಿಸಿ ಅಜ್ಜಿ, ನಾನು ಹಾಗೆ ಹೇಳಬೇಕು ಅಂತ ಹೇಳ್ತಿಲ್ಲ" ಅಂತ ಅತ್ತಳು. ಅಳುವೂ ನನ್ನದೇ. ನಾನು ಅತ್ತರೆ ಹೇಗಿರುತ್ತೆ ಅಂತ ನನಗೇ ಮರೆತು ಹೋಗಿತ್ತು. "ನಮ್ಮಮ್ಮ ಸರಸ್ವತಿ ಅಂತ, ಸಾಗರದಲ್ಲಿದಾರೆ. ನಿನ್ನೆ ಫೋನ್ ಮಾಡಿದ್ರೆ, ‘ಯಾರಮ್ಮ ಮುದುಕಿ, ನನ್ನ ಮಗಳ ಫೋನ್ ನಿನ್ನ ಕೈಗೆ ಹೇಗೆ ಬಂತು’ ಅಂದ್ರು. ಎಷ್ಟು ಹೇಳಿದ್ರೂ ನಂಬಲಿಲ್ಲ."

ಮಂಗಳ ಹಾಡಿ ನೋಡೋಣ ಅಂತ ಸನ್ನೆ ಮಾಡಿದೆ. ಅದರ ಸಾಲು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ದೀಪ ಹಚ್ಚಿ ಎದುರುಬದುರು ಕೂತೆವು. ನಾನು ಬಾಯಿ ಆಡಿಸಿದೆ, ಅವಳು ಹಾಡಿದಳು. ಇಬ್ಬರು ಹಾಡಿದ್ದು, ಒಂದೇ ದನಿ ಕೇಳಿದ್ದು. ಮುಗಿದ ಮೇಲೂ ನನ್ನ ಗಂಟಲು ಹಾಗೇ ಇತ್ತು. ಕೊಟ್ಟ ಹೊತ್ತಿಗೇ ಹಾಡಬೇಕಿತ್ತೋ ಏನೋ. ಅಪ್ಪನನ್ನ ಕೇಳೋಣ ಅಂದರೆ ಅವನಿಲ್ಲ.

ಆಮೇಲೆ ಸೌಂದರ್ಯ, "ನೀವೇ ಬಂದು ತಾತಂಗೆ ಬೈದು ಊಟ ಮಾಡಿಸ್ತೀರಾ?" ಅಂತ ಕೇಳಿದಳು. ನನಗೆ ಇದು ಹೊಳೆದಿರಲಿಲ್ಲ. ಹೊಳೆದಿದ್ದರೂ ನಾನು ಕೇಳ್ತಿರಲಿಲ್ಲ.

ಡಿಸೆಂಬರ್ ೧೪, ಶನಿವಾರ

ಶರಣ್ಯಾ ಬಂದಳು. ಏನೇನು ಬೈಯಬೇಕು ಅಂತ ಮೊದಲೇ ಬರೆದುಕೊಟ್ಟಿದ್ದೆ. ಕಬ್ಬಿಣದ್ದು, ಇನ್ನೊಂದೆರಡು. ಅವಳು ಮಂಚದ ಹತ್ತಿರ ಕೂತಳು. ತಟ್ಟೆ ನನ್ನ ಕೈಯಲ್ಲಿ.

"ನುಂಗ್ರೀ. ಕಬ್ಬಿಣ ಕರಗಿಸಿದೋರಿಗೆ..." ಅಂತ ಶುರು ಮಾಡಿದಳು.

ಇವರ ಮುಖ ಅರಳಿದ್ದು ಹೇಗೆ ಬರೆಯಲಿ. ಅವಳ ಕಡೆ ಕೈ ಚಾಚಿದರು. "ಸಿಟ್ಟು ಇಳೀತಾ?" ಅಂದರು.

"ಇಳಿಯೋಕೆ ಅದೇನು ಜ್ವರಾನಾ? ಬಾಯಿ ತೆಗೀರಿ."

ಉಂಡರು. ಅನ್ನ ಮುಗೀತು, ಮಜ್ಜಿಗೆ ಕೇಳಿದರು. ತನುಜಾ ಅಡಿಗೆಮನೆ ಬಾಗಿಲಲ್ಲಿ ನಿಂತು ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ನಾನು ಕೇಳ್ತಾ ಇದ್ದೆ. ನನ್ನ ದನಿ ಹೊರಗಿಂದ ಹೀಗಿರುತ್ತೆ ಅಂತ ಗೊತ್ತಿರಲಿಲ್ಲ. ಬೈತಿದ್ದರೂ ಕೇಳೋಣ ಅನಿಸುತ್ತೆ.

ಆಮೇಲೆ ಅವಳು ಇವರ ಗಡ್ಡ ಒರೆಸ್ತಾ, "ಸುಟ್ಕೊಂಡು ಬಂದ್ರೆ ಮನೆಗೆ ಸೇರ್ಸಲ್ಲ, ತಿಳ್ಕೊಳ್ಳಿ" ಅಂದಳು.

ಇದನ್ನ ನಾನು ಬರೆದುಕೊಟ್ಟಿರಲಿಲ್ಲ. ಯಾರಿಗೂ ಹೇಳಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ, ಇವರು ಮೂರನೇ ಪಾಳಿಗೆ ಹೊರಟರೆ ಬಾಗಿಲ ಮರೆಯಲ್ಲಿ ನಿಂತು ಹೇಳ್ತಿದ್ದೆ. ಇವರಿಗೆ ಮಾತ್ರ ಕೇಳೋ ಹಾಗೆ. ಶರಣ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು. ಅವಳಿಗೂ ಗೊತ್ತಿಲ್ಲ ಅದು ಎಲ್ಲಿಂದ ಬಂತು ಅಂತ.

ಇವರು ಕಣ್ಣು ತುಂಬಿಕೊಂಡು ಸುಮ್ಮನೆ ನಗ್ತಾ ಇದ್ದರು. "ಅದೇನೋ ಹಾಡ್ತಿದ್ದೆಯಲ್ಲ, ಹಾಡು" ಅಂದರು.

ಹೊಟ್ಟೆ ತುಂಬಿದ ಮನುಷ್ಯ ಕೇಳಿದ್ದು. ಹುಡುಗಿ ಯೋಚನೆ ಮಾಡಲಿಲ್ಲ. ಹಾಡೋಳಿಗೆ ಹಾಡು ಅಂದರೆ ಹಾಡ್ತಾಳೆ. ಮೆಲ್ಲಗೆ ಎತ್ತಿದಳು.

"ಕದ ತೆಗೆದಿಟ್ಟಿದೀನಿ, ಬರ್ತೀಯಾ..."

ಅಭ್ಯಾಸದ ಮೇಲೆ ನಿಲ್ಲಿಸಿಬಿಟ್ಟಳು.

ಬೇಡ ಅಂತ ಕೂಗಿದೆ. ಇಡೀ ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿಲ್ಲ. ಯಾರಿಗೂ ಕೇಳಲಿಲ್ಲ. ತಟ್ಟೆ ಎಸೆದು ಇವರ ಬಾಯಿ ಮುಚ್ಚೋಕೆ ಕೈ ಚಾಚಿದೆ. ಅಷ್ಟರಲ್ಲಿ, ಒಂದು ದಿನವೂ ಹಾಡದ ಈ ಮನುಷ್ಯ, ತಲೆ ಆಡಿಸ್ತಾ, ತಾಳ ತಪ್ಪಿಸ್ತಾ, ಆ ಸೊಲ್ಲನ್ನ ಎತ್ತಿಕೊಂಡು ಅವಳಿಗೆ ವಾಪಸ್ ಕೊಟ್ಟಿದ್ದರು.

ಡಿಸೆಂಬರ್ ೧೫

ಇವರು ಬೆಳಿಗ್ಗೆಯಿಂದ ಕೆಮ್ಮುತಿದಾರೆ. ಶರಣ್ಯಾಳನ್ನ ಇನ್ನು ಬರಬೇಡ ಅಂತ ಹೇಳಿಸಿದೀನಿ.

ಡಿಸೆಂಬರ್ ೧೭

ಅವಳು ಬರದಿದ್ದರೂ ಇವರ ದನಿ ಸೋರೋದು ನಿಲ್ಲಲಿಲ್ಲ. ಹೋಗ್ತಾನೇ ಇದೆ. ತಳ ತೂತಾದ ಬಕೀಟಿನ ಹಾಗೆ. ಊಟ ಇಲ್ಲ, ಕೈಗೆ ಹಾಕಿದ ಸಲೈನ್ ಮೇಲೇ ಇದಾರೆ.

ಡಿಸೆಂಬರ್ ೨೨, ಭಾನುವಾರ

ಈಗ ನಮ್ಮ ಮನೆಯಲ್ಲಿ ಸದ್ದಿಲ್ಲ. ಜಲಜಮ್ಮ ಬಂದು, "ಏನ್ರೀ, ಯಾರೂ ಇಲ್ವೇನೋ ಅಂದ್ಕೊಂಡೆ" ಅಂದಳು.

ನಿನ್ನೆ ಶಿವಮೊಗ್ಗದಲ್ಲಿ ಶೋ ಇತ್ತಂತೆ. ನಾನು ಹೋಗಲಿಲ್ಲ, ಆದರೆ ಸೌಂದರ್ಯ ಹೋಗಿದ್ದಳು. ಬೆಳಿಗ್ಗೆ ಫೋನ್ ತಂದು ಮಂಚದ ಮೇಲಿಟ್ಟು ದೂರ ಹೋಗಿ ಕೂತಳು. ಶರಣ್ಯಾ ಒಬ್ಬಳೇ ನಿಂತಿದಾಳೆ. ಸೊಲ್ಲು ಹಾಡೋದು ನನ್ನ ದನಿ, ಎತ್ತಿಕೊಳ್ಳೋದು ಇವರ ದನಿ. ತಾಳ ತಪ್ಪಿಸ್ತಾ. ಒಂದು ಕಡೆ ನನ್ನ ದನಿ ಹಾಡು ಬಿಟ್ಟು, "ಸರಿಯಾಗಿ ಹಾಡ್ರೀ, ಏನು ಆಕಳು ಅರಚಿದ ಹಾಗೆ" ಅಂತ ಬೈಯಿತು. ಇವರ ದನಿ ನಕ್ಕಿತು. ಜನ ಚಪ್ಪಾಳೆ ತಟ್ಟಿದರು. ಶರಣ್ಯಾ ಅಳ್ತಿದ್ದಳೋ ನಗ್ತಿದ್ದಳೋ ಸಣ್ಣ ಪರದೆಯಲ್ಲಿ ಗೊತ್ತಾಗಲಿಲ್ಲ.

ಇವರು ಫೋನಿನ ಕಡೆ ಮುಖ ಮಾಡಿ ಮೈಯೆಲ್ಲ ಕಿವಿಯಾಗಿ ಕೇಳಿದರು. ಮುಗಿದ ಮೇಲೆ ಕೈ ಆಡಿಸಿ ಯಾರನ್ನೋ ಹುಡುಕಿದರು. ಯಾರು ಅಂತ ಕೇಳೋಕೆ ದನಿ ಇಲ್ಲ, ನಾನು ಅಂತ ಹೇಳೋಕೆ ನನಗೂ ಇಲ್ಲ. ನನ್ನ ಕೈ ಸಿಕ್ಕಿತು. ಬೆರಳು ಒಂದೊಂದೇ ಮುಟ್ಟಿ ನೋಡಿದರು. ಅಂಗೈ ಮಗುಚಿ ನೋಡಿದರು, ಬಳೆ ಹಿಂದಕ್ಕೆ ಸರಿಸಿ ಮಣಿಕಟ್ಟು ಒತ್ತಿದರು. ಬಹಳ ಹೊತ್ತು. ನಾನು ಕೈ ಹಿಂದಕ್ಕೆ ಎಳೆಯಲಿಲ್ಲ.

ಆಮೇಲೆ ಬಾಯಿ ತೆರೆದರು.

ಅನ್ನ ಆರಿ ಹೋಗಿತ್ತು. ಹಾಗೇ ಕಲೆಸಿ ತುತ್ತು ಇಟ್ಟೆ.